ಹದಿನಾರಾಣೆ ನೋವು

ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದರೆ ನಮ್ಮ ಕೂಡ್ಲಿಗಿ ಕಡೆಯ ಹಿರಿಯರು ಸುಲಭಕ್ಕೆ ಹತ್ತರ ಲೆಕ್ಕಕ್ಕೆ ಬರುವವರಲ್ಲ. ಹರ್ನಿಯಾ ಆಪರೇಷನ್ ಆದ ಅಜ್ಜನೊಬ್ಬನ ಮಂಚದ ಬಳಿ ಎಳೆಯ ಡಾಕ್ಟರಮ್ಮ ಕಾಗದ ಹಿಡಿದು ನಿಂತಿದ್ದರು.

"ಅಜ್ಜಾ, ಸೊನ್ನೆಯಿಂದ ಹತ್ತರೊಳಗ ನೋವು ಎಷ್ಟೈತಿ ಹೇಳ್ರಿ."

"ರಾತ್ರಿ ಹದಿನಾರಾಣೆ ಇತ್ತವ್ವ. ಈಗ ನಾಕಾಣಿ ಉಳದೈತಿ."

ಹದಿನಾರಾಣೆಗೆ ಹತ್ತಾದರೆ ನಾಲ್ಕಾಣೆ ಅಂದರೆ ಎರಡೂವರೆ. ಆದರೆ ಕಾಗದದಲ್ಲಿ ಅರೆಗೆ ಜಾಗವಿಲ್ಲ. "ಎರಡು ಬರೀಲ್ಯಾ, ಮೂರು ಬರೀಲ್ಯಾ?" ಅಂದರು. "ಕಾಯಿಪಲ್ಯೆ ತಗೊಳ್ಳಾಕ ಬಂದೀಯೇನವ್ವ, ಚೌಕಾಸಿ ಮಾಡ್ತಿ?" ಅಂದ ಅಜ್ಜ.

ಆ ಅಂಕಿಯನ್ನು ಸುಮ್ಮನೆ ಕೇಳಿದ್ದಲ್ಲ. ಬಳ್ಳಾರಿಯ ಹಳೇ ವಿಮ್ಸ್ ಮೆಡಿಕಲ್ ಕಾಲೇಜು ಇರಲಿ, ಕೊಟ್ಟೂರು, ಹರಪನಹಳ್ಳಿಯವರು ಓಡುವ ದಾವಣಗೆರೆಯ ಜೆ.ಜೆ.ಎಂ. ಇರಲಿ, ಅರಿವಳಿಕೆ ವಿಭಾಗದಲ್ಲಿ ಎಂ.ಡಿ. ಓದುವವರು ಒಂದು ಪ್ರಬಂಧ ಬರೆಯಲೇಬೇಕು. ಅಂಥ ಒಂದು ಪ್ರಬಂಧದ ಪ್ರಶ್ನೆ ಬಹಳ ಸಣ್ಣದು: ಮೈ ಮರಗಟ್ಟಿಸಲು ಬೆನ್ನಿಗೆ ಕೊಡುವ ಬುಪಿವಕೇನ್ ಜೊತೆ ಚೂರು ಫೆಂಟನಿಲ್ ಸೇರಿಸಿದರೆ ಒಳ್ಳೆಯದೋ, ಡೆಕ್ಸ್‌ಮೆಡಿಟೊಮಿಡಿನ್ ಸೇರಿಸಿದರೆ ಒಳ್ಳೆಯದೋ? ಒಪ್ಪಿದ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಅಂಟಿಸಿದ ಲಕೋಟೆಯೊಳಗಿನ ಚೀಟಿ ಹೇಳುತ್ತದೆ; ಶಾಸಕರ ಶಿಫಾರಸು ನಡೆಯದ ಜಾಗ ಇದೊಂದೇ ಇರಬೇಕು. ಯಾವ ಸಿರಿಂಜಿನಲ್ಲಿ ಏನಿತ್ತೆಂದು ರೋಗಿಗೂ ಗೊತ್ತಿಲ್ಲ, ಅಂಕಿ ಬರೆಯುವವರಿಗೂ ಗೊತ್ತಿಲ್ಲ. ಹೊಕ್ಕುಳದ ಹತ್ತಿರ ಸ್ಪಿರಿಟ್ ಹತ್ತಿ ಇಟ್ಟರೆ ತಣ್ಣಗೆ ಅನ್ನಿಸದಿರಲು ಎಷ್ಟು ನಿಮಿಷ ಹಿಡಿಯಿತು, ಬಿ.ಪಿ. ಎಷ್ಟು ಇಳಿಯಿತು, ಕಾಲು ಯಾವಾಗ ಅಲ್ಲಾಡಿತು, ನೋವಿನ ಇಂಜೆಕ್ಷನ್ ಬೇಕೆಂದು ಮೊದಲು ಕೇಳಿದ್ದು ಯಾವಾಗ, ಎಲ್ಲವನ್ನೂ ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ.

ಇಷ್ಟು ಚಿಲ್ಲರೆ ಪ್ರಶ್ನೆಗೆ ಇಷ್ಟೆಲ್ಲ ಉಪದ್ವ್ಯಾಪ ಏಕೆ ಅನ್ನುವವರು ಹೈದರಾಬಾದಿನ ಕಥೆ ಕೇಳಬೇಕು. ಹೊಸಪೇಟೆಯಿಂದ ಹೊಳೆ ದಾಟಿದರೆ ನಿಜಾಮರ ಸೀಮೆ ಶುರುವಾಗುತ್ತಿದ್ದ ಕಾಲ ಅದು. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಗುಂಡಿಗೆಯೋ ಅಂತ ಪಂಡಿತರಲ್ಲಿ ಜಗಳ. 1888ರಲ್ಲಿ ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ ಆಯೋಗ ಕಟ್ಟಿ, ನಾಯಿಗಳ ಮೇಲೆ ಪರೀಕ್ಷಿಸಿ, ಉಸಿರು ನೋಡಿಕೊಂಡರೆ ಸಾಕು, ಗುಂಡಿಗೆಗೆ ಭಯವಿಲ್ಲ ಅಂದ. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ನಂಬಲಿಲ್ಲ. ನಿಜಾಮ ಮಹಬೂಬ್ ಅಲಿ ಖಾನ್ 1,000 ಪೌಂಡ್ ಕೊಟ್ಟು, ನಿಮ್ಮವರನ್ನೇ ಕಳಿಸಿ ಅಂದರು. 1889ರಲ್ಲಿ ಬಂದ ಲಾಡರ್ ಬ್ರಂಟನ್ ಲಾರಿಯ ಮಾತಿಗೇ ಹೂಂಗುಟ್ಟಿದ. ಹಣ, ಹೆಸರು, ನೂರಾರು ಪ್ರಾಣಿ, ಎಲ್ಲಾ ಇತ್ತು. ತೀರ್ಪು ಮಾತ್ರ ತಪ್ಪು. ಕ್ಲೋರೋಫಾರ್ಮಿನ ಮತ್ತು ಅರೆಬರೆಯಾಗಿದ್ದಾಗಲೇ ಗುಂಡಿಗೆ ಗಡಗಡ ಅದುರಿ ನಿಂತುಬಿಡಬಹುದು ಅಂತ 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿಕೊಟ್ಟ.

ಇನ್ನು ಉಪವಾಸದ ವಿಷಯ. ಆಪರೇಷನ್ ದಿನ ಏನೂ ಕೊಡಬೇಡಿ ಅಂದರೆ ನಮ್ಮವರ ಕರುಳು ಕೇಳುವುದಿಲ್ಲ. "ಬರೇ ಅರ್ಧ ಕಪ್ ಚಾ ಕುಡಿಸೀವ್ರೀ" ಅನ್ನುತ್ತಾರೆ. ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆಂದು ಮೆಂಡೆಲ್ಸನ್ ಅನ್ನುವ ಡಾಕ್ಟರ್ 1946ರಲ್ಲೇ ಬರೆದಿಟ್ಟಿದ್ದಾನೆ. ಹಾಗಂತ ರಾತ್ರಿಯಿಂದ ಹನಿ ನೀರೂ ಬೇಡ ಅನ್ನುವ ಹಳೇ ಕಟ್ಟಪ್ಪಣೆಯನ್ನೂ ಸಂಶೋಧನೆಯೇ ಸಡಿಲಿಸಿತು. ಸಾಮಾನ್ಯವಾಗಿ ಬರೀ ನೀರಿಗೆ ಎರಡು ಗಂಟೆ ಮುಂಚಿನವರೆಗೂ ಅಡ್ಡಿಯಿಲ್ಲ. ಹಾಲು ಬಿದ್ದ ಚಹಾಕ್ಕೆ ಮಾತ್ರ ಆರು ಗಂಟೆ!

ಔಷಧಿಗಳ ದಾರಿಯೂ ವಿಚಿತ್ರ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಊರಿಗೆ ನುಗ್ಗಿದ ಕರಡಿಯನ್ನು ಮಲಗಿಸಲು ಹೊಡೆಯುವ ಸೂಜಿಯಲ್ಲಿ ಕೆಟಮಿನ್ ಇರುವುದುಂಟು. ಉಸಿರನ್ನೂ ಬಿ.ಪಿ.ಯನ್ನೂ ಅಷ್ಟಾಗಿ ಕುಗ್ಗಿಸುವುದಿಲ್ಲವೆಂದು ರಕ್ತ ಹೋದ ಗಾಯಾಳುಗಳಿಗೂ ಅದನ್ನೇ ಆರಿಸುತ್ತಾರೆ. ಕರಡಿಗೂ ಅದರ ಕೈಗೆ ಸಿಕ್ಕವನಿಗೂ ಒಂದೇ ಔಷಧಿ. ಡೋಸ್ ಬೇರೆ ಅಷ್ಟೇ.

"ನಮ್ಮ ಮ್ಯಾಲೆ ಪ್ರಯೋಗ ಮಾಡ್ತಾರ" ಅನ್ನುವ ಅಂಜಿಕೆ ನಮ್ಮ ಕಡೆ ಇನ್ನೂ ಇದೆ. ತಪ್ಪೇನಿಲ್ಲ. ಹಡಗಲಿಯಲ್ಲಿ ಮೊಳ ಮಲ್ಲಿಗೆ ಕೊಳ್ಳಲು ನಾಲ್ಕು ಪ್ರಶ್ನೆ ಕೇಳುವವರು, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ಎರಡು ಔಷಧಿ ಯಾವುವು, ತೊಂದರೆಯಾದರೆ ನೋಡಿಕೊಳ್ಳುವವರು ಯಾರು, ಒಲ್ಲೆ ಅಂದರೆ ಏನು ಅಂತ ಧಾರಾಳವಾಗಿ ಕೇಳಿ. ಒಲ್ಲೆ ಅಂದರೂ ಆಪರೇಷನ್ ನಿಲ್ಲುವುದಿಲ್ಲ. ಒಲ್ಲೆ ಅನ್ನುವುದು ನಿಮ್ಮ ಹಕ್ಕು. ಹೂಂ ಅಂದರೆ, ಹಗರಿಬೊಮ್ಮನಹಳ್ಳಿಯ ಯಾವುದೋ ಹೆಣ್ಣುಮಗಳ ಸಿಸೇರಿಯನ್ನಿಗೆ ಯಾವ ಔಷಧಿ ಎಷ್ಟು ಹಾಕಬೇಕು ಅನ್ನುವ ತಿಳಿವಳಿಕೆಯಲ್ಲಿ ನಿಮ್ಮ ನಾಲ್ಕಾಣೆ ನೋವೂ ಸೇರಿರುತ್ತದೆ. ಪ್ರಬಂಧದಲ್ಲಿ ನಿಮ್ಮ ಹೆಸರು ಇರುವುದಿಲ್ಲ, ಅಂಕಿ ಇರುತ್ತದೆ. ಹೆಸರು ಉಳಿದು ತೀರ್ಪು ಬಿದ್ದುಹೋದ ಲಾರಿ ಸಾಹೇಬನಿಗಿಂತ ಇದೇ ವಾಸಿ.