ಉಜ್ಬೇಡ, ಮೊದಲು ಊದು

ಆಫೀಸಿನಲ್ಲಿ ಡಿಎಸ್‌ಎಲ್‌ಆರ್ ಇಟ್ಟುಕೊಂಡವರು ಟೀಮಿಗೆ ಇಬ್ಬರಾದರೂ ಸಿಗುತ್ತಾರೆ. ಲೆನ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಇವರು ಸೆನ್ಸರ್ ಕ್ಲೀನ್ ಮಾಡೋದು ಅಂದ ತಕ್ಷಣ ಕೈಕಟ್ಟಿ ಕೂತುಬಿಡುತ್ತಾರೆ. ಆಕಾಶದಲ್ಲಿ ಬೂದು ಚುಕ್ಕೆ ಕಂಡರೆ ಕಂಪ್ಯೂಟರಿನಲ್ಲಿ ಅಳಿಸಿ ಸುಮ್ಮನಾಗುತ್ತಾರೆ. ಹೆದರಿಕೆಯಲ್ಲಿ ತಪ್ಪೇನಿಲ್ಲ, ತಿಂಗಳ ಸಂಬಳ ಸುರಿದು ತಂದ ವಸ್ತು ಅದು.

ರೀಲಿನ ಕಾಲದಲ್ಲಿ ಈ ತಾಪತ್ರಯ ಇಷ್ಟಿರಲಿಲ್ಲ. ಒಂದು ಫ್ರೇಮಿನ ಮೇಲೆ ಕೂತ ಧೂಳು ಸಾಮಾನ್ಯವಾಗಿ ಆ ಫಿಲ್ಮಿನ ಜೊತೆಗೇ ಮುಂದೆ ಸರಿದು ಹೋಗುತ್ತಿತ್ತು. ಡಿಜಿಟಲ್ಲಿನಲ್ಲಿ ಎಲ್ಲ ಫೋಟೋಗೂ ಒಂದೇ ಸೆನ್ಸರ್. ಇವತ್ತು ಕೂತ ಧೂಳು ನಾಳೆಯ ಫೋಟೋದಲ್ಲೂ ಅದೇ ಜಾಗದಲ್ಲಿ ಹಾಜರ್. 2003ರಲ್ಲಿ ಒಲಿಂಪಸ್‌ನವರು ಇ-1 ಕ್ಯಾಮೆರಾದಲ್ಲಿ, ಸೆನ್ಸರ್ ಮುಂದಿನ ಫಿಲ್ಟರನ್ನೇ ಅಲ್ಟ್ರಾಸಾನಿಕ್ ಕಂಪನದಿಂದ ನಡುಗಿಸಿ ಧೂಳು ಉದುರಿಸುವ ಉಪಾಯ ತಂದರು. ಆಮೇಲೆ ಬೇರೆಯವರೂ ಅಂಥದ್ದನ್ನು ಅಳವಡಿಸಿದರು. ಒಣ ಧೂಳು ಅದಕ್ಕೆ ಬೀಳುತ್ತದೆ, ಜಿಡ್ಡು ಹಿಡಿದದ್ದು ಜಗ್ಗುವುದಿಲ್ಲ.

ನಾವು ಮುಟ್ಟುವುದು ಸೆನ್ಸರನ್ನಲ್ಲ, ಅದರ ಮುಂದಿನ ಗಾಜಿನ ಫಿಲ್ಟರನ್ನು. ಅದಕ್ಕೂ ಗೀರು ಬೀಳುತ್ತದೆ, ಹಾಗಾಗಿ ಧೂಳು ಇದೆಯೋ ಇಲ್ಲವೋ ಅಂತ ಮೊದಲು ನೋಡಿಕೊಳ್ಳಿ. ಐಎಸ್‌ಓ 100, ಅಪರ್ಚರ್ ಎಫ್/16, ಫೋಕಸ್ ಬೇಕಂತಲೇ ಕೆಡಿಸಿ, ಬಿಳಿ ಗೋಡೆಯ ಒಂದು ಫೋಟೋ. ಎಫ್/4ರಲ್ಲಿ ಧೂಳಿನ ನೆರಳು ಹರಡಿ ಕಾಣದಂತಾಗುತ್ತದೆ, ಎಫ್/16ರಲ್ಲಿ ಎದ್ದು ಕಾಣುತ್ತದೆ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಫೋಟೋದ ಮೇಲ್ಭಾಗದ ಚುಕ್ಕೆ ಅಂದರೆ ಸೆನ್ಸರಿನ ಕೆಳಭಾಗದ ಧೂಳು.

ಸುಗ್ಗಿಯಲ್ಲಿ ಕಣ್ಣಿಗೆ ಹೊಟ್ಟು ಬಿದ್ದರೆ ಅಮ್ಮ ಮೊದಲು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. "ಉಜ್ಬೇಡ ಕಣೋ, ಗೀರತ್ತೆ." ಮೊದಲು ಊದೋದು, ಹೋಗದಿದ್ದರೆ ಮಾತ್ರ ಸೆರಗಿನ ಒದ್ದೆ ತುದಿ. ಸೆನ್ಸರಿಗೂ ಇದೇ ಕ್ರಮ. ಬಾಯಲ್ಲಿ ಊದುವುದೊಂದು ಬೇಡ, ಎಂಜಲು ಹಾರುತ್ತದೆ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆರಿಸಿದರೆ ಕನ್ನಡಿ ಮೇಲೆದ್ದು ಷಟರ್ ತೆರೆದುಕೊಳ್ಳುತ್ತದೆ. ನಡುವೆ ಬ್ಯಾಟರಿ ಸತ್ತರೆ ಎರಡೂ ಮುಚ್ಚಿಕೊಂಡು ಒಳಗಿದ್ದ ಕಡ್ಡಿಗೆ ಬಡಿಯುತ್ತವೆ. ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು, ರಬ್ಬರ್ ಬ್ಲೋಯರಿನಿಂದ ನಾಲ್ಕೈದು ಸಲ ಗಾಳಿ ಹೊಡೆಯಿರಿ, ತುದಿ ಗಾಜಿಗೆ ತಾಗದಿರಲಿ. ಕೀಬೋರ್ಡಿಗೆ ಹೊಡೆಯುವ ಗಾಳಿ ಡಬ್ಬಿ ಖಂಡಿತ ಬೇಡ, ಅದರೊಳಗಿನ ದ್ರವ ಚಿಮ್ಮಿ ಕಲೆ ಮಾಡುತ್ತದೆ. ಮತ್ತೆ ಗೋಡೆಯ ಫೋಟೋ ತೆಗೆಯಿರಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿದಿರುತ್ತದೆ.

ಮುಗಿಯದಿದ್ದರೆ ಮಾತ್ರ ಒದ್ದೆ ಸ್ವಾಬ್. ಫುಲ್ ಫ್ರೇಮಿಗೆ 24 ಮಿಲಿಮೀಟರಿನದು, ಎಪಿಎಸ್-ಸಿಗೆ 16ರದ್ದು. ಸೆನ್ಸರಿಗೆಂದೇ ಮಾರುವ ದ್ರವ ಎರಡು ಹನಿ. ಈ ತುದಿಯಿಂದ ಆ ತುದಿಗೆ ಹಗುರವಾಗಿ ಒಂದೇ ಎಳೆತ, ಮಗುಚಿ ಇನ್ನೊಂದು ಬದಿಯಲ್ಲಿ ವಾಪಸ್, ಆಮೇಲೆ ಸ್ವಾಬ್ ಕಸದ ಬುಟ್ಟಿಗೆ. ಕರ್ಚೀಫು, ಕಿವಿಗೆ ಹಾಕುವ ಹತ್ತಿಕಡ್ಡಿ ಇಲ್ಲಿಗೆ ಬೇಡ. ಗಾಳಿ ಹೊಡೆಯದೆ ನೇರ ಒದ್ದೆ ಬಟ್ಟೆಗೆ ಹೋದರೆ ಮರಳಿನ ಚೂರನ್ನೇ ಎಳೆದಾಡಿದ ಹಾಗೆ.

ಇಷ್ಟೆಲ್ಲ ಯಾಕೆ, ಫೋಟೋಶಾಪ್ ಇಲ್ವಾ ಅಂತೀರಿ. ಇದೆ. ಆದರೆ ಹೋದ ಸುಗ್ಗಿಯಲ್ಲಿ ಅಪ್ಪ ಕಣದಲ್ಲಿ ರಾಗಿ ತೂರುವ ಫೋಟೋ ತೆಗೆದೆ. ಎದುರು ಬಿಸಿಲು, ಎಫ್/16, ಆಕಾಶದ ತುಂಬ ಹೊಟ್ಟು. ಊರಲ್ಲಿ ಈಗ ಬಹಳ ಜನ ರಾಗಿಯನ್ನು ಟಾರ್ ರಸ್ತೆಗೆ ಹರಡಿ ಬಸ್ಸು ಲಾರಿಗಳಿಂದ ತುಳಿಸುತ್ತಾರೆ, ಇಲ್ಲಾ ಮೆಷಿನ್ನಿಗೆ ಹಾಕುತ್ತಾರೆ. ಸಗಣಿ ಸಾರಿಸಿದ ಕಣ ನಮ್ಮನೆಯಲ್ಲೂ ಅದೇ ಕೊನೆ, ಅಪ್ಪನ ಭುಜ ಇನ್ನು ಮೊರ ಎತ್ತಲು ಬಿಡುವುದಿಲ್ಲ. ಆ ಫೋಟೋದಲ್ಲಿ ಹೊಟ್ಟು ಯಾವುದು, ಸೆನ್ಸರಿನ ಕೊಳೆ ಯಾವುದು ಅಂತ ಯಾವ ಸಾಫ್ಟ್‌ವೇರಿಗೂ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಅದಕ್ಕೇ ಬೆಂಗಳೂರಿನಿಂದ ಹೊರಡುವ ಹಿಂದಿನ ರಾತ್ರಿ ಕೂತು ಕ್ಲೀನ್ ಮಾಡಿದ್ದೆ. ಈಗ ಧೈರ್ಯವಾಗಿ ಹೇಳಬಲ್ಲೆ: ಅಪ್ಪನ ತಲೆಯ ಸುತ್ತ ಹಾರುತ್ತಿರುವುದೆಲ್ಲ ನಮ್ಮ ಕಣದ ಧೂಳೇ.