ಪಾಟಿ ಮ್ಯಾಲಿನ ಮಾತು

ಹೋದ ವಾರ ನಮ್ಮ ಹಿಂದಿನ ಓಣಿಯ ಒಬ್ಬಾಕಿ ಬಂದು ಕಟ್ಟಿ ಮ್ಯಾಲೆ ಕುಂತ್ಲು. ಗಂಡಗ ನಾಲಿಗಿ ಮ್ಯಾಲೆ ಹುಣ್ಣಾಗೇತಿ, ಹುಬ್ಬಳ್ಳಿಗೆ ದೊಡ್ಡ ದವಾಖಾನಿಗೆ ಹೋಗ್ರಿ ಅಂದಾರಂತ. ಚಹಾ ಕೊಟ್ರ ಕುಡೀಲಿಲ್ಲ. "ಯಕ್ಕಾ, ನೀ ಅವಾಗ ಹೆಂಗ ಮಾಡಿದಿ? ಅವರ ಮುಂದ ಅಳಬೇಕೋ ನಗಬೇಕೋ ನನಗ ತಿಳೀವಲ್ದು" ಅಂದ್ಲು. ನಾ ಆಕಿಗೆ ಆಯುಷ್ಮಾನ್ ಕಾರ್ಡ್ ತಗೊಂಡು ಹೋಗು, ರೇಶನ್ ಕಾರ್ಡಿನ ಝೆರಾಕ್ಸ್ ನಾಕು ಇಟ್ಕೋ, ಹಾಸಾಕ ಒಂದು ಚಾದರ ಜಾಸ್ತಿ ಇರಲಿ, ಇಂಥಾವೆಲ್ಲ ಹೇಳಿದೆ. ಆಕಿ ಕೇಳಿದ್ದಕ್ಕ ಉತ್ತರ ಮಾತ್ರ ಕೊಡಲಿಲ್ಲ. ರಾತ್ರಿ ನಿದ್ದಿ ಬರಲಿಲ್ಲ ನನಗ. ಅದಕ್ಕ ಈಗ ಬರಿಯಾಕತ್ತೀನಿ.

ನಮ್ಮ ಮನಿಯವರು ಟೇಲರ್ ಅನ್ನೋದು ನಿಮಗೆಲ್ಲಾ ಗೊತ್ತು. ನಿಮ್ಮಾಗ ಭಾಳ ಮಂದಿ ಗಂಡಸರ ಅಂಗಿ, ಹುಡುಗೂರ ಸಾಲಿ ಯೂನಿಫಾರ್ಮ್ ಇವರೇ ಹೊಲದಾರ. ಹೊಲಿಯುವಾಗ ಎರಡೂ ಕೈ ಮಶೀನಿನ ಮ್ಯಾಲೆ, ಕಾಲು ಪೆಡಲ್ ಮ್ಯಾಲೆ, ಎಡಗಲ್ಲದಾಗ ಗುಟ್ಕಾ. ದೀಪಾವಳಿ, ಮದವಿ ಸೀಜನ್ ಬಂತಂದ್ರ ರಾತ್ರಿ 2 ಗಂಟೆ ತನಕ ಕೆಲಸ. ನಿದ್ದಿ ಬರಬಾರದಂತ ಅದನ್ನ ಗಲ್ಲದಾಗ ಒತ್ತಿ ಇಟಗೊಂಡಿರೋರು. 2013ರಾಗ ಸರ್ಕಾರ ಗುಟ್ಕಾ ಬಂದ್ ಮಾಡ್ತು. ಅಂಗಡ್ಯಾಗ ಅಡಿಕಿ ಪಾಕೀಟು ಬ್ಯಾರೆ, ತಂಬಾಕದ ಪಾಕೀಟು ಬ್ಯಾರೆ ಸಿಗಾಕತ್ತಿದ್ವು. ಇವರು ಅಂಗೈಯಾಗ ಎರಡೂ ಕೂಡಿಸಿ ಬಾಯಿಗೆ ಹಾಕ್ಕೊಂಡ್ರು, ಅಷ್ಟೇ ಫರಕು.

ನಾ ಏನೂ ಅನ್ನಲಿಲ್ಲ. ಕುಡಿಯೂದಿಲ್ಲ, ಇಸ್ಪೀಟಿಲ್ಲ, ಇದೊಂದು ಚಟ ಇದ್ರ ಇರವಲ್ದ್ಯಾಕ ಅಂತ ನಮ್ಮ ಅತ್ತಿ ಅನ್ನೋರು. ನಾನೂ ಹಂಗ ಅಂದೆ. ಕೆಂಪು ಕಲೆ ಹತ್ತಿದ ಕರ್ಚೀಪು ಸೋಡಾದಾಗ ನೆನಿಹಾಕಿ ತೊಳದೆ. ಸಂತಿಗೆ ಹೋದಾಗ ಕಾಯಿಪಲ್ಯದ ಚೀಲದಾಗ ಪಾಕೀಟಿನ ಸರ ನಾನೇ ತಂದು ಕೊಟ್ಟದ್ದೂ ಐತಿ. ಇದನ್ನ ಇಲ್ಲಿ ತನಕ ಯಾರ ಮುಂದನೂ ಹೇಳಿದ್ದಿಲ್ಲ.

ಮೊದಲ ಗೊತ್ತಾಗಿದ್ದು ರೊಟ್ಟಿಯಿಂದ. ನಾಕು ರೊಟ್ಟಿ, ಎಣ್ಣಿಗಾಯಿ, ಮ್ಯಾಲೆ ಕೆಂಪ ಚಟ್ನಿ ತಿನ್ನೋ ಮನಿಷ್ಯಾ ಖಾರ ಹತ್ತತೈತಿ ಅನ್ನಾಕತ್ರು. ರೊಟ್ಟಿ ಸಣ್ಣ ಸಣ್ಣ ತುಕಡಾ ಮುರಿಯೋರು. ಆಮ್ಯಾಲೆ ಹಾಲಾಗ ನೆನಿಸಿ ತಿನ್ನೋರು. ವಯಸ್ಸಾತಲ್ಲ ಅಂತ ನಾ ಅನ್ಕೊಂಡೆ. ಬಾಯಿ ಸಣ್ಣದಾಗಾಕತ್ತೈತಿ ಅನ್ನೋದು ನನಗ ಹೊಳೀಲೇ ಇಲ್ಲ. ಹುಣ್ಣಿಗೆ ಮೆಡಿಕಲ್ ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಗುಳಿಗಿ ತಂದು ಮೂರು ತಿಂಗಳು ನುಂಗಿಸಿದೆ. ಕಡೀಕ ಹಲ್ಲಿನ ಡಾಕ್ಟರ್ ಕಡೆ ಹೋದ್ರ ಅವರು ಟಾರ್ಚ್ ಹಿಡಿದು ಒಂದು ಸಲ ನೋಡಿದ್ರು, "ಮೂರು ಬೆರಳು ನೆಟ್ಟಗ ಬಾಯಾಗ ಇಟಗೊಳ್ರಿ ನೋಡೂಣು" ಅಂದ್ರು. ಇವರಿಗೆ ಒಂದೂವರಿ ಬೆರಳೂ ಹಿಡೀಲಿಲ್ಲ. ಅವತ್ತೇ ಹುಬ್ಬಳ್ಳಿಗೆ ಚೀಟಿ ಬರದು ಕೊಟ್ರು.

ಇಲ್ಲೊಂದು ಮಾತು ಹೇಳಿ ಮುಂದ ಹೋಗ್ತೀನಿ. ಗಂಡಸರದಷ್ಟೇ ಅಲ್ಲ ಇದು. ಮುಂಜಾನೆ ಮಿಶ್ರಿ ತಿಕ್ಕೋ ಅಕ್ಕಂದಿರು ನಮ್ಮ ಪೈಕಿನೇ ಅದಾರ, ಊಟ ಆದಮ್ಯಾಲೆ ಎಲಿ ಅಡಿಕಿ ಜೋಡಿ ತಂಬಾಕದ ಎಸಳು ಹಾಕ್ಕೊಳ್ಳೋರೂ ಅದಾರ. ಬಾಯಾಗಿನ ಹುಣ್ಣು ಎರಡು ಮೂರು ವಾರದಾಗ ಮಾಯಲಿಲ್ಲಂದ್ರ, ಬಿಳಿ ಇಲ್ಲಾ ಕೆಂಪು ಮಚ್ಚಿ ಕಂಡ್ರ, ಮೂರು ಬೆರಳು ಹೋಗಲಿಲ್ಲಂದ್ರ ತೋರಿಸ್ರಿ. ನೋವಿಲ್ಲ ಅಂತ ಕುಂದರಬ್ಯಾಡ್ರಿ, ಮೊದಮೊದಲ ನೋವು ಇರಂಗಿಲ್ಲ.

ತುಕಡಾ ತಗದು ಪರೀಕ್ಷಾ ಮಾಡತೀವಿ ಅಂದಾಗ ನಮ್ಮ ಮೈದುನ ಬ್ಯಾಡೇ ಬ್ಯಾಡ ಅಂತ ಕುಂತ. ಸೂಜಿ ಮುಟ್ಟಿಸಿದ್ರ ಮೈ ತುಂಬ ಹರಡತೈತಿ ಅಂತ ಅವನ ಭಾವನೆ. ಯಾವುದೋ ಊರಾಗ ಬೇರು ಕೊಡೋರು ಅದಾರ, ಅಲ್ಲಿ ಹೋಗೂಣು ಅಂದ. ಡಾಕ್ಟರಮ್ಮ ಚಿಕ್ಕಾಕಿ, ನನ್ನ ಮಗಳ ವಯಸ್ಸಿನಾಕಿ. ಸಿಟ್ಟಾಗಲಿಲ್ಲ. ಹಂಗ ಹರಡಂಗಿಲ್ಲ, ಇದು ಏನಂತ ಗೊತ್ತಾಗದ ಔಷಧ ಕೊಡಾಕ ಬರಂಗಿಲ್ಲ ಅಂತ ಕುಂತು ತಿಳಿಸಿ ಹೇಳಿದ್ಲು. ರೊಕ್ಕದ ಚಿಂತಿಗೆ ಬಿಪಿಎಲ್ ಕಾರ್ಡ್ ಆಸರಾತು, ಆಯುಷ್ಮಾನ್ ಒಳಗ ವರ್ಷಕ್ಕ 5 ಲಕ್ಷದ ತನಕ ಐತಿ. ಆದ್ರ ಅದರಾಗ ಬರಲಾರದ ಖರ್ಚು ಇರ್ತಾವ. ಖೋಲಿ ಬಾಡಗಿ, ಹಣ್ಣು, ಹಾಲು, ಬಸ್ಸು. ನನ್ನ ಬಂಗಾರದ ಬಿಲ್ವಾರ ಸೊಸೈಟ್ಯಾಗ ಕುಂತ್ವು. ರೈಲಿಗೆ ರೋಗಿಗೂ, ಜೊತಿಗೆ ಹೋಗೋರಿಗೂ ರಿಯಾಯಿತಿ ಐತಿ ಅನ್ನೋದು ನಮಗ ಕಡೀಕ ಗೊತ್ತಾತು. ದವಾಖಾನ್ಯಾಗ ಫಾರ್ಮ್ ತುಂಬಿಸಿ ತಗೋಬೇಕಾಗತೈತಿ.

ಆಪರೇಶನ್ ಎಂಟು ತಾಸು. ಎಡಗಲ್ಲ ಒಳಗಿಂದ ತಗದು, ದವಡಿ ಎಲುಬು ಸ್ವಲ್ಪ ತಗದು, ಕುತಿಗ್ಯಾಗಿನ ಗಂಟು ತಗದು, ಎದಿ ಮ್ಯಾಲಿನ ಚರ್ಮ ಮಾಂಸ ಸಮೇತ ಹೊಳ್ಳಿಸಿ ತಂದು ಗಲ್ಲಕ್ಕ ಹಚ್ಚಿ ಹೊಲದ್ರು. ಥೇಟ್ ತ್ಯಾಪಿ ಹಚ್ಚಿದಂಗ. ಎರಡನೇ ದಿನ ಒಳಗ ಬಿಟ್ಟಾಗ ಇವರ ಮಾರಿ ನನಗ ಗುರುತು ಹತ್ತಲಿಲ್ಲ. ಬಾತು ಕುಂಬಳಕಾಯಿ ಆಗಿತ್ತು. ಮೂಗಿನಾಗ ನಳಿಗಿ, ಕುತಿಗ್ಯಾಗ ಉಸಿರಿನ ತೂತು. ಮಾತು ಬರಂಗಿಲ್ಲ. ಮೊಮ್ಮಗಳ ಪಾಟಿ ಮಗ ತಂದು ಕೊಟ್ಟ. ಇವರು ನಡಗೋ ಕೈಲೆ ಮೊದಲ ಬರದದ್ದು ಏನಂತೀರಿ? "ಕನ್ನಡಿ." ಸಣ್ಣ ಕನ್ನಡಿ ಹಿಡಿದೆ. ಕುತಿಗಿ ಮ್ಯಾಲೆ ಪಿನ್ ಹೊಡದದ್ದು, ಎದಿ ಮ್ಯಾಲಿನ ಹೊಲಿಗಿ ಎಲ್ಲಾ ಹೊಳ್ಳ್ಯಾಡಿ ನೋಡಿ ಬರದ್ರು: "ಎದಿದು ಕೈಹೊಲಿಗಿ ಚೊಲೊ ಐತಿ. ಕುತಿಗಿದು ಗಡಬಡಿ." ನರ್ಸಬಾಯಿ ನಕ್ಕಳು. ನಾ ಹೊರಗ ಬಂದು ಅತ್ತೆ.

ಮೂಗಿನ ನಳಿಗ್ಯಾಗ ಊಟ ಹಾಕೋದು ನನ್ನ ಕೆಲಸ. ಮೂವತ್ತು ವರ್ಷ ಅಡಗಿ ಮಾಡಿದ ಕೈ ಅಂತ ಸೊಕ್ಕಿತ್ತು. ಮೊದಲ ದಿನ ಅಂಬಲಿ ಸೋಸಲಾರದ ಹಾಕಿ ನಳಿಗಿ ಕಟ್ಟಿತು, ಬೈಸಿಕೊಂಡೆ. ಆಮ್ಯಾಲೆ ಕಲತೆ. ರಾಗಿ ಅಂಬಲಿ, ಬ್ಯಾಳಿ ಕಟ್ಟು, ಬಾಳಿಹಣ್ಣು ಹಾಲು, ಎಲ್ಲಾ ತೆಳು ಅರಿವ್ಯಾಗ ಎರಡು ಸಲ ಸೋಸಬೇಕು. ತಲಿ ಎತ್ತರ ಮಾಡಿ ಕುಂದರಿಸಿ ಎರಡು ತಾಸಿಗೊಮ್ಮೆ 200 ಎಂಎಲ್, ಸಾವಕಾಶ ಬಿಡಬೇಕು. ಮುಗಿದಮ್ಯಾಲೆ ನೀರು ಹಾಕಿ ನಳಿಗಿ ತೊಳೀಬೇಕು, ಹಾಕಿದ ಕೂಡಲೆ ಮಲಗಸಬಾರದು. ತತ್ತಿ ಹಾಕ್ರಿ, ಶಕ್ತಿ ಬರತೈತಿ ಅಂದ್ರು. ನಮ್ಮ ಮನ್ಯಾಗ ತತ್ತಿ ಬರಂಗಿಲ್ಲ. ಇವರನ್ನ ಕೇಳಿದೆ. ಪಾಟಿ ಮ್ಯಾಲೆ "ಮೂಗಿಗೆ ಜಾತಿ ಇಲ್ಲ" ಅಂತ ಬರದ್ರು. ಬಾಜೂ ಕಾಟಿನ ಅಕ್ಕ ತತ್ತಿ ಕುದಿಸಿ ಅರದು ಕೊಟ್ಲು. ಅತ್ತಿಯವರಿಗೆ ಗೊತ್ತಿಲ್ಲ ಇನ್ನೂ, ಈ ಬರಹ ಅವರಿಗೆ ಓದಿ ಹೇಳಬ್ಯಾಡ್ರಿ.

ಅಷ್ಟು ದಿನಾ ನಾ ಇವರ ಮುಂದ ಒಂದೇ ರಾಗ. "ಏನಾಗಂಗಿಲ್ರಿ, ಎಲ್ಲಾ ಚೊಲೊ ಆಗತೈತಿ, ಧೈರ್ಯ ತಗೋರಿ." ನೋಡಾಕ ಬಂದೋರೂ ಅದನ್ನೇ ಅಂದ್ರು. ಮೊಸಂಬಿ ತಂದು ಕುಂದರೋರು, ಧೈರ್ಯ ಹೇಳೋರು, ಹೊರಗ ಬಂದು ನನ್ನ ಕೈ ಹಿಡಿದು "ಎಷ್ಟನೇ ಸ್ಟೇಜು?" ಅಂತ ಪಿಸುಗುಡೋರು. ನಾ ಸೆರಗಿಲೆ ಕಣ್ಣು ಒರಸಿಕೊಂಡು ಮತ್ತ ಒಳಗ ಹೋಗಿ ನಗೋದು. ನಾ ಅವಾಗ ಎಷ್ಟು ಸವಿ ಮಾತಾಡಿದೆ ಅಂದ್ರ, ಲಗ್ನ ಆದಾಗಿಂದ ಅಷ್ಟು ಸವಿ ಮಾತಾಡಿದ್ದಿಲ್ಲ.

ಗಾಯ ಮಾದಮ್ಯಾಲೆ ಕರೆಂಟ್ ಕೊಡೋದು ಶುರುವಾತು. ರೇಡಿಯೇಶನ್‌ಗೆ ನಮ್ಮ ಕಡೆ ಹಂಗ ಅಂತೀವಲ್ಲ. ಅದಕ್ಕೂ ಮೊದಲ ಹುಳುಕು ಹಲ್ಲು ನಾಕು ಕಿತ್ತರು, ಕರೆಂಟ್ ಆದಮ್ಯಾಲೆ ಕಿತ್ರ ದವಡಿ ಗಾಯ ಮಾಯಂಗಿಲ್ಲಂತ. ಬಿಸಿನೀರಾಗ ಮೆತ್ತಗಾದ ಜಾಳಗಿ ಪ್ಲಾಸ್ಟಿಕ್ ಮಾರಿ ಮ್ಯಾಲೆ ಒತ್ತಿ ಅಳತಿ ತಗದ್ರು. ಆ ಜಾಳಗಿ ಹಾಕಿ, ತಲಿ ಅಲಗಾಡದಂಗ ಪಲಂಗಕ್ಕ ಕೀಲಿ ಹಾಕಿ, ಒಬ್ಬರನ್ನೇ ಒಳಗ ಬಿಡತಾರ. ಸೋಮವಾರದಿಂದ ಶುಕ್ರವಾರ, ಆರು ವಾರ, ಒಟ್ಟು 30 ಸಲ. ವಾರಕ್ಕೊಮ್ಮೆ ಕೀಮೋ, ಅವತ್ತು ಸಲೈನ್ ಮ್ಯಾಲೆ ಸಲೈನ್, ವಾಂತಿ. ಗದಗಿನಿಂದ ದಿನಾ ಹೋಗಿ ಬರೋದು ಆಗಲಾರದ್ದಕ್ಕ ದವಾಖಾನಿ ಹತ್ತಿರನೇ ಒಂದು ಖೋಲಿ ಹಿಡದ್ವಿ. ಕುತಿಗಿಗೆ ಕಾಲರ್ ತಾಗಬಾರದು, ಸಾಬೂನು ಬ್ಯಾಡ, ದಾಡಿ ಬ್ಯಾಡ. ಇವರು ಮೊದಲನೇ ವಾರ ಖೋಲ್ಯಾಗ ಕುಂತು ಕೈಲೆ ಕಾಲರ್ ಇಲ್ಲದ ಅಂಗಿ ಹೊಲಕೊಂಡ್ರು, ಆಜೂಬಾಜೂ ಮೂವರಿಗೆ ಹೊಲದು ಕೊಟ್ರು.

ಎರಡು ವಾರ ಹೌದಂಗಿತ್ತು. ಮೂರನೇ ವಾರಕ್ಕ ಬಾಯಿ ಪೂರ್ತಿ ಹುಣ್ಣು. ಉಗುಳು ನುಂಗಿದ್ರ ಕಣ್ಣಾಗ ನೀರು. ರುಚಿ ಹೋತು. ಕುತಿಗಿ ಹೊತ್ತಿದ ರೊಟ್ಟಿ ಆತು. ತಗದಿದ್ದ ನಳಿಗಿ ಮತ್ತ ಮೂಗಿಗೆ ಬಂತು. ಬರಾಕತ್ತಿದ್ದ ತೊದಲು ಮಾತೂ ಹೋಗಿ, ಪಾಟಿ ಮತ್ತ ಹೊರಗ ಬಂತು.

ನಾಕನೇ ವಾರದ ಒಂದು ಸಂಜೀಮುಂದ. ಅಂಬಲಿ ಸೋಸಾಕತ್ತಿದ್ದೆ. ಪಾಟಿ ಮುಂದ ಹಿಡದ್ರು. "ಅಡಿಕಿ ಒಂದು ಚೂರು. ತಂಬಾಕ ಬ್ಯಾಡ. ಬಲಗಲ್ಲದಾಗ ಸುಮ್ಮನ ಇಟಗೋತೀನಿ."

ಎರಡು ಸಲ ಓದಿದೆ. ಆಮ್ಯಾಲೆ ನನಗ ಏನಾತೋ. ಪಾಟಿ ಕಸಗೊಂಡು ಗ್ವಾಡಿಗೆ ಒಗದೆ. ಮೂಲಿ ಒಡೀತು. "ನಾಚಿಕಿ ಐತೇನ್ರಿ ನಿಮಗ? ಎಡಗಲ್ಲ ತಿಂತು, ಈಗ ಬಲಗಲ್ಲ ಕೊಡತೀರೇನು? ಎದಿ ಚರ್ಮ ಒಂದೇ ಸಲ ಬರತೈತ್ರಿ, ದಿನಾ ತ್ಯಾಪಿ ಹಚ್ಚಾಕ ಏನು ಮಶೀನೇನು ಇದು? ಮೂವತ್ತು ವರ್ಷ ನಿಮ್ಮ ಕರ್ಚೀಪು ತೊಳದೆ. ಬಿಲ್ವಾರ ಹೋದ್ವು. ಮಗ ಪಗಾರ ಮುಂಗಡ ತಗೊಂಡು ಕುಂತಾನ. ನೀವು ಹೋದ್ರ ನಾ ಏನ ಮಾಡ್ಲಿ, ಹೇಳ್ರಿ?" ಒಂದೊಂದು ಮಾತು ಅಲ್ಲ, ಇಷ್ಟು ವರ್ಷದ್ದೆಲ್ಲಾ ಬಂತು. ಬಾಜೂ ಖೋಲಿಯೋರು ಬಾಗಲದಾಗ ಬಂದು ನಿಂತ್ರು. ಕಡೀಕ "ನಾನೇ ತಂದು ಕೊಟ್ಟೆನ್ರಿ, ಸಂತಿಯಿಂದ ನಾನೇ ತಂದೆ" ಅಂತ ನೆಲದ ಮ್ಯಾಲೆ ಕುಂತು ಬಾಯಿ ಮಾಡಿ ಅತ್ತೆ. ಅಂಬಲಿ ಉಕ್ಕಿ ಸ್ಟೋ ಆರಿ ಹೋತು.

ಇವರು ಸುಮ್ಮನ ಎದ್ದರು. ಒಡದ ಪಾಟಿ ಆರಿಸಿಕೊಂಡು ಬಂದು ನನ್ನ ಬಾಜೂಕ ನೆಲಕ್ಕ ಕುಂತು ಭಾಳ ಹೊತ್ತು ಬರದ್ರು. ಅಕ್ಷರ ಸಣ್ಣದು ಮಾಡಿ ಬರದಿದ್ರು:

"ಇಷ್ಟು ದಿನ ಯಾಕ ಬೈಲಿಲ್ಲ? ನೀ ಸವಿ ಮಾತಾಡಿದಷ್ಟು ನನಗ ಅಂಜಿಕಿ. ನಾ ಉಳಿಯಂಗಿಲ್ಲ, ಡಾಕ್ಟರ್ ನಿನಗ ಹೇಳ್ಯಾರ, ನೀ ಮುಚ್ಚಿಡಾಕತ್ತಿ ಅನ್ಕೊಂಡಿದ್ದೆ. ಸಾಯೋರಿಗೆ ಯಾರೂ ಬೈಯಂಗಿಲ್ಲ."

ಅದನ್ನ ಅಳಿಸಿ ಮತ್ತ ಬರದ್ರು. "ಸಂತಿಗೆ ನಾ ಕಳಿಸಿದ್ದೆ. ತಿಂದಾಂವ ನಾ."

ಅವತ್ತು ರಾತ್ರಿ ಅಂಬಲಿ ತಡಾಗಿ ಬಿದ್ದರೂ ಇಬ್ಬರೂ ನಿದ್ದಿ ಮಾಡಿದ್ವಿ. ಮರದಿನ ಡಾಕ್ಟರಮ್ಮನ ಮುಂದ ನಾ ಒಬ್ಬಾಕೆನ ಹೋಗಿ ಕೇಳೋದು ಬಿಟ್ಟೆ. ಇವರನ್ನ ಬಾಜೂ ಕುಂದರಿಸಿಕೊಂಡೇ ಕೇಳಿದೆ, ಆಕಿ ಇದ್ದದ್ದು ಇದ್ದಂಗ ಹೇಳಿದ್ಲು. ಭರವಸೆ ಐತಿ, ಗ್ಯಾರಂಟಿ ಇಲ್ಲ, ಮೊದಲ ಎರಡು ವರ್ಷ ಭಾಳ ಎಚ್ಚರ ಇರಬೇಕು, ಅಡಿಕಿ ತಂಬಾಕ ಎರಡೂ ಪೂರ್ತಿ ಬಂದ್. ಇವರು ತಲಿ ಹಾಕಿದ್ರು. ಉಳಿದ ದಿನಾ ನಾ ಬೈತಾನೇ ಕಳದೆ. ಉಪ್ಪು ಸೋಡಾ ನೀರಿಲೆ ಬಾಯಿ ಮುಕ್ಕಳಿಸಲಿಲ್ಲಂದ್ರ ಬೈದೆ. ಐಸ್‌ಕ್ರೀಮ್ ಕಡ್ಡಿ ಒಂದರ ಮ್ಯಾಲೊಂದು ಹಲ್ಲಿನ ನಡುವ ಇಟ್ಟು ಬಾಯಿ ಅಗಲ ಮಾಡೋ ವ್ಯಾಯಾಮ ಇರತೈತಿ, ನೋವಾಗತೈತಂತ ಕಳ್ಳತನ ಮಾಡೋರು, ಅದಕ್ಕೂ ಬೈದೆ. ಹೆದರಿಕಿ ಏನು ಹೋಗಿರಲಿಲ್ಲ. ಆದ್ರ ಈಗ ಇಬ್ಬರೂ ಕೂಡೇ ಹೆದರತಿದ್ವಿ.

ಹಂಗಂತ ಎಲ್ಲಾರೂ ಪಾಟಿ ಒಡೀರಿ ಅಂತ ಅಲ್ಲ ಮತ್ತ. ನಮ್ಮವರು ನನ್ನ ಬೈಗಳಕ್ಕ ಹೊಂದಿದವರು. ನಿಮ್ಮವರು ಹೆಂಗೋ ನಿಮಗೇ ಗೊತ್ತು.

ಇದಾಗಿ ಎರಡು ವರ್ಷದ ಮ್ಯಾಲಾತು. ಅಂಗಡಿ ಮುಂಜಾನೆ ನಾಕು ತಾಸು ತಗೀತಾರ. ಮಾತು ಸ್ವಲ್ಪ ಗೊಗ್ಗರು, ಫೋನಿನಾಗ ತಿಳಿಯಂಗಿಲ್ಲ, ನಿಮಗ ಗೊತ್ತೇ ಐತಿ. ಬಾಯಾಗಿನ ತ್ಯಾಪಿ ಮ್ಯಾಲೆ ಎದಿ ಕೂದಲು ಒಂದೆರಡು ಬೆಳೀತಾವ, ಡಾಕ್ಟರಮ್ಮ ನೋಡಿದಾಗೊಮ್ಮೆ ಕತ್ತರಿಸಿ ಕಳಸತಾಳ. ರೊಟ್ಟಿ ಇನ್ನೂ ಹಾಲಾಗೇ ನೆನಿಬೇಕು, ಖಾರ ನಡಿಯಂಗಿಲ್ಲ. ಮೂಲಿ ಒಡದ ಪಾಟಿ ಅಡಗಿ ಮನಿ ಮೊಳಿಗೆ ನೇತು ಹಾಕೀನಿ, ಹಾಲಿನ ಲೆಕ್ಕ ಬರಿಯಾಕ.

ಹಿಂದಿನ ಓಣಿಯಾಕಿಗೆ ನಾಳೆ ಹೋಗಿ ಇಷ್ಟೂ ಹೇಳಿ ಬರತೀನಿ. ಬರೋ ಮಂಗಳವಾರ ನಮ್ಮದೂ ತಪಾಸಣಿ ಐತಿ, ಆಕಿ ಗಂಡಂದು ಅವತ್ತೇ ಮೊದಲನೇದು. ನಾಕೂ ಮಂದಿ ಕೂಡೇ ನಸೀಕ್ಲೆ ಬಸ್ಸಿಗೆ ಹೋದ್ರಾತು ಅಂತ ಇವರೇ ಅಂದಾರ.