ಹಿಸೆ ಆದ ಮನ್ಯಾಗ ಎರಡ ರೌಟರು

ಧಾರವಾಡದ ಹಳೇ ಮನಿ ಕಟ್ಟಿದ ಮಂದಿ ಒಂದಿನಾ ವೈಫೈ ಬರ್ತದ ಅಂತ ಕನಸಿನಾಗೂ ಅನ್ಕೊಂಡಿರಲಿಕ್ಕಿಲ್ಲ ಬಿಡ್ರಿ. ನಮ್ಮ ಮನಿ ಗ್ವಾಡಿ ಎರಡ ಫೂಟ ದಪ್ಪ, ಕಲ್ಲು ಮಣ್ಣಿಂದು. ಬ್ಯಾಸಗ್ಯಾಗ ಒಳಗ ತಂಪ, ಮಳಿಗಾಲದಾಗ ಬೆಚ್ಚಗ. ಆದ್ರ ಪಡಸಾಲ್ಯಾಗ ಇಟ್ಟ ರೌಟರಿನ ಸಿಗ್ನಲ್ಲು ನಡುಮನಿ ಹೊಸ್ತಲಾ ದಾಟೂದ್ರಾಗ ಅರ್ಧಾ ಆಗಿರ್ತದ, ಹಿಂದಿನ ಅಡಗಿಮನಿ ಮುಟ್ಟೂದ್ರಾಗ ಏನೂ ಉಳಿದಿರಂಗಿಲ್ಲ. ವೈಫೈದಾಗ 2.4 ಗಿಗಾಹರ್ಟ್ಸ್ ಅನ್ನೋದು ಸ್ಪೀಡಿಗೆ ಸ್ವಲ್ಪ ಕಡಿಮಿ ಆದ್ರೂ ಒಂದ ಗ್ವಾಡಿ ದಾಟ್ತದ. 5 ಗಿಗಾಹರ್ಟ್ಸ್ ಅನ್ನೋದು ಭಾಳ ಜೋರು, ಆದ್ರ ಇಂಥಾ ಗ್ವಾಡಿ ಮುಂದ ಅದರ ಆಟ ನಡಿಯಂಗಿಲ್ಲ.

ಮಾವನೋರು ಹೋದ ಮ್ಯಾಲೆ ಮನಿ ಹಿಸೆ ಆತು. ಪಡಸಾಲಿ, ಮ್ಯಾಲಿನ ಖೋಲಿ ನಮಗ. ಅಡಗಿಮನಿ, ಹಿಂದಿನ ಎರಡ ಖೋಲಿ, ಹಿತ್ತಲಾ ಮೈದುನಗ. ನಡುಮನಿ ಅತ್ತಿಯವರದು. ಅವರ ಊಟ ಹದಿನೈದ ದಿನಾ ನಮ್ಮ ಕಡೆ, ಹದಿನೈದ ದಿನಾ ಅವರ ಕಡೆ. ತಾಮ್ರದ ಹಂಡೆ ಯಾರಿಗೆ, ಹಿತ್ತಲದಾಗಿನ ಪ್ಯಾರಲ ಗಿಡಾ ಯಾರಿಗೆ ಅಂತ ಎಲ್ಲಾ ಕಾಗದದ ಮ್ಯಾಲೆ ಬರದಾಗಿತ್ತು. ಇಂಟರ್ನೆಟ್ಟು ಯಾರಿಗೆ ಅಂತ ಮಾತ್ರ ಯಾರೂ ಬರದಿರಲಿಲ್ಲ.

ಫೈಬರ್ ಕೇಬಲ್ಲು ರಸ್ತಾದ ಕಂಬದಿಂದ ನಮ್ಮ ಮುಂದಿನ ಕಿಡಕಿ ಮ್ಯಾಲೆ ಬರ್ತದ. ಹಂಗಾಗಿ ಕನೆಕ್ಷನ್ ನಮ್ಮನಿಯವರ ಹೆಸರಲೇ ಉಳೀತು, ಬಿಲ್ಲು ಇಬ್ಬರೂ ಅರ್ಧಾ ಅರ್ಧಾ. ಇನ್ನೊಂದ ಕನೆಕ್ಷನ್ ತಗೋಬಹುದಿತ್ತು, ಆದ್ರ 100 ಎಂಬಿಪಿಎಸ್ ಎರಡ ಸಂಸಾರಕ್ಕ ಬೇಕಾದಷ್ಟ ಆತು. ತ್ರಾಸು ಸ್ಪೀಡಿಂದಲ್ಲ, ಗ್ವಾಡಿದು. ಮೈದುನನ ಮಗಳು ಆನ್‌ಲೈನ್ ಟೆಸ್ಟ್ ಇದ್ದಾಗೊಮ್ಮೆ ಮೊಬೈಲ್ ಹಿಡಕೊಂಡು ನಡುಮನಿ ಬಾಗಲದಾಗ ಬಂದು ಕೂಡ್ತಿದ್ಲು. ಅತ್ತಿ ಬಾಜೂಕ ಕೂತು ಉತ್ತರಾ ಹೇಳಿಕೊಡ್ಲಿಕ್ಕೆ ನೋಡ್ತಿದ್ರು, ಅದೂ ತಪ್ಪ ಉತ್ತರಾ.

ಮೊದಲ ಮೈದುನ ಒಂದ ರಿಪೀಟರ್ ತಂದು ನಡುಮನ್ಯಾಗ ಹಾಕಿದಾ. ಸಾದಾ ರಿಪೀಟರ್ ಅಂದ್ರ ಒಂದ ರೇಡಿಯೊದಾಗ ಕೇಳೂದು, ಅದೇ ರೇಡಿಯೊದಾಗ ತಿರಗಿ ಹೇಳೂದು. ಕೇಳುವಾಗ ಹೇಳಲಿಕ್ಕಾಗಂಗಿಲ್ಲ, ಹೇಳುವಾಗ ಕೇಳಲಿಕ್ಕಾಗಂಗಿಲ್ಲ. ಹಿಂಗಾಗಿ ಸ್ಪೀಡು ಅರ್ಧಕ್ಕ ಬರ್ತದ. ಅದರಾಗ ನಡುಮನಿಗೆ ಬರೋ ಸಿಗ್ನಲ್ಲ ಬಡಕಲು. ತಿಂಗಳೊಳಗ ಅದು ಅಟ್ಟಾ ಸೇರ್ತು. ಆಮ್ಯಾಲೆ ಖರೇ ಖರೇ ರೌಟರನ್ನ ತಂದಾ. ಅಂಗಡಿ ಹುಡುಗ ಬಂದು, ನಮ್ಮ ರೌಟರಿನಿಂದ ಅತ್ತಿ ಖೋಲಿ ಗ್ವಾಡಿಗುಂಟ ಕೇಬಲ್ ಎಳದು, ಹೊಸಾ ರೌಟರಿನ ವ್ಯಾನ್ ಅಂತ ಬರದ ತೂತಿನಾಗ ಚುಚ್ಚಿ, ಬ್ಯಾರೆ ಹೆಸರು, ಬ್ಯಾರೆ ಪಾಸ್‌ವರ್ಡ್ ಇಟ್ಟು ಹೋದಾ. ಹಿಂದಿನ ಮನ್ಯಾಗ ನೆಟ್ಟು ಕುದರಿ ಓಡಿಧಂಗ ಓಡ್ಲಿಕ್ಕೆ ಹತ್ತು.

ತಪ್ಪೇನೂ ಮಾಡಿರಲಿಲ್ಲ ಆ ಹುಡುಗ. ಹಂಗ ಹಾಕಿದ್ರೂ ನೆಟ್ಟು ಬರ್ತದ. ಆದ್ರ ಆವಾಗ ಒಂದ ಮನ್ಯಾಗ ಎರಡ ಮನಿ ಆಗ್ತಾವು. ರೌಟರು ಅಂದ್ರ ಬರೇ ಸಿಗ್ನಲ್ ಬಿಡೋ ಡಬ್ಬಿ ಅಲ್ಲ. ಮನ್ಯಾಗಿನ ಒಂದೊಂದ ಮೊಬೈಲಿಗೂ ಟಿವಿಗೂ ಒಂದೊಂದ ನಂಬರ್ ಹಂಚತದ, ಅದಕ್ಕ ಡಿಎಚ್‌ಸಿಪಿ ಅಂತಾರ. ಹೊರಗಿನ ಜಗತ್ತಿಗೆ ಮಾತ್ರ ಎಲ್ಲಾರ ಪರವಾಗಿ ತಾನೊಬ್ಬನ ಮಾತಾಡ್ತದ. ಈ ಒಳಗಿನ ನಂಬರು 192.168 ಅಂತ ಶುರು ಆಗೂದು ನೋಡಿರ್ತೀರಿ. ಖಾಸಗಿ ನೆಟ್‌ವರ್ಕಿಗೆ ಅಂತಲೇ ಮೀಸಲಿಟ್ಟ ಸಾಲು ಅದು, ಧಾರವಾಡದಾಗೂ ಅದ, ಪುಣೆದಾಗೂ ಅದ. ನಮ್ಮ ರೌಟರು 192.168.1 ರ ಸಾಲಿನ ನಂಬರ್ ಕೊಡ್ತಿತ್ತು, ಮೈದುನಂದು 192.168.0 ರ ಸಾಲಿಂದು. ನಮ್ಮ ರೌಟರಿನ ಲೆಕ್ಕದಾಗ ಹಿಂದಿನ ಇಡೀ ಸಂಸಾರ ಅಂದ್ರ ಒಂದ ಗಿರಾಕಿ ಅಷ್ಟ.

ಇದರದು ಮೊದಲ ಗೊತ್ತಾಗಿದ್ದು ಪ್ರಿಂಟರಿನಿಂದ. ಪ್ರಿಂಟರ್ ನಮ್ಮ ಕಡೆ ಅದ, ಹುಡುಗಿ ಹಾಲ್ ಟಿಕೇಟ್ ಯಾವಾಗಲೂ ಅದರಾಗ ತಗೀತಿದ್ಲು. ಈಗ ಹಿಂದಿನಿಂದ ಹುಡುಕಿದ್ರ ಪ್ರಿಂಟರ ಕಾಣವಲ್ದು. ಮೈದುನ ಬಂದು ‘ವೈನಿ, ಪ್ರಿಂಟರ್ ಬಂದ್ ಮಾಡೀರೇನ್ರಿ?’ ಅಂತ ಕೇಳಿದಾ. ಕೇಳಿದ ಧಾಟಿ ಸಾದಾ ಇತ್ತು, ಆದ್ರ ಹಿಸೆ ಆದ ಮನ್ಯಾಗ ‘ಬಂದ್ ಮಾಡೀರೇನು’ ಅನ್ನೋ ಮಾತು ಸಾದಾ ಉಳಿಯಂಗಿಲ್ಲ ನೋಡ್ರಿ. ನಮ್ಮ ನೆಗೆಣ್ಣಿ ಎರಡ ದಿನಾ ಮುಂದಿನ ಬಾಗಲಕ್ಕ ಬರಲಿಲ್ಲ.

ಖರೇ ಗದ್ಲ ಆಗಿದ್ದು ಅತ್ತಿ ಫೋನಿಂದ. ದಿನಾ ಸಂಜಿ ಏಳಕ್ಕ ಪುಣೆದಿಂದ ನಾದನಿ ವಿಡಿಯೊ ಕಾಲ್ ಮಾಡ್ತಾಳ. ಅತ್ತಿಗೆ ಒಂದ ಕಡೆ ಕೂತು ಮಾತಾಡಿ ಗೊತ್ತಿಲ್ಲ. ಫೋನ್ ಕೈಯಾಗ ಹಿಡಕೊಂಡು ‘ನೋಡ, ತುಳಸಿ ಹೆಂಗ ಚಿಗತಾವು’ ಅಂತ ಹಿತ್ತಲಕ್ಕ ಹೋಗ್ತಾರ, ಮೊಮ್ಮಕ್ಕಳನ ತೋರಸ್ಲಿಕ್ಕೆ ಪಡಸಾಲಿಗೆ ಬರ್ತಾರ. ಎರಡೂ ವೈಫೈ ಅವರ ಫೋನಿನಾಗ ಇದ್ದವು. ಹೊಸ್ತಲಾ ದಾಟಿದಾಗೊಮ್ಮೆ ಫೋನು ಒಂದನ್ನ ಬಿಟ್ಟು ಇನ್ನೊಂದನ್ನ ಹಿಡೀತಿತ್ತು, ಹಿಡದ ಕೂಡ್ಲೆ ಅದರ ನಂಬರ ಬದಲಾಗ್ತಿತ್ತು, ಕಾಲು ತಡವರಿಸಿ ‘ರಿಕನೆಕ್ಟಿಂಗ್’ ಅಂತಿತ್ತು. ಒಮ್ಮೊಮ್ಮೆ ಜೋಡಸ್ತಿತ್ತು, ಒಮ್ಮೊಮ್ಮೆ ಪೂರಾ ಕಟ್ಟ.

ಪುಣೆದಾಗ ಕೂತ ನಾದನಿಗೆ ಕಾಣಸ್ತಿದ್ದದ್ದು ಏನಂದ್ರ, ಅವ್ವ ಅಣ್ಣನ ಕಡೆ ಹೋದ್ಲು, ಫೋನ್ ಕಟ್ಟಾತು. ಅವ್ವ ತಮ್ಮನ ಕಡೆ ಹೋದ್ಲು, ಫೋನ್ ಕಟ್ಟಾತು. ಒಂದಿನಾ ನನಗ ಫೋನ್ ಮಾಡಿ ಸೀದಾ ಕೇಳಿದ್ಲು, ‘ವೈನಿ, ಅವ್ವ ನನ್ನ ಜೋಡಿ ಮಾತಾಡೋದು ನಿಮಗ್ಯಾರಿಗೂ ಸೇರಂಗಿಲ್ಲೇನು?’ ನನ್ನ ಕಣ್ಣಾಗ ನೀರ ಬಂದ್ವು. ಅತ್ತಿಯವರು ತಮ್ಮದ ಒಂದ ಅರ್ಥಾ ಮಾಡ್ಕೊಂಡಿದ್ರು. ಫೋನ್ ಬಂದ್ರ ನಡುಮನಿ ಮಂಚದ ಮ್ಯಾಲೆ ಕೂತು ಅಳಗ್ಯಾಡದ ಮಾತಾಡ್ಲಿಕ್ಕೆ ಹತ್ತಿದ್ರು. ತುಳಸಿ ತೋರಸೂದು ಬಿಟ್ರು.

ನಾನು ಹೈಸ್ಕೂಲಿನಾಗ ಕಂಪ್ಯೂಟರ್ ಕಲಸ್ತೀನಿ, ಕೆಲಸ ನಂಗ ಗೊತ್ತಿದ್ದದ್ದ. ಮೈದುನನ ರೌಟರಿನ ನಂಬರು 192.168.1.2 ಅಂತ ಬದಲ ಮಾಡಬೇಕು, ನಮ್ಮದು 1.1 ಅದ. ನಮ್ಮ ರೌಟರು ಹಂಚೋ ಪಟ್ಟಿ 1.2 ಬಿಟ್ಟು ಮುಂದ ಶುರು ಆಗೂಹಂಗ ಇಡಬೇಕು. ಅವನ ರೌಟರಿನಾಗ ಡಿಎಚ್‌ಸಿಪಿ ಬಂದ್ ಮಾಡಬೇಕು. ಕೇಬಲ್ಲು ವ್ಯಾನ್ ತೂತಿನಿಂದ ತಗದು ಲ್ಯಾನ್ ತೂತಿಗೆ ಹಾಕಬೇಕು. ರೌಟರಿನಾಗ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಇದ್ರ ಅದೊಂದ ಒತ್ತಿದ್ರ ಇದೆಲ್ಲಾ ತಾನ ಮಾಡ್ಕೋತದ. ಎರಡಕ್ಕೂ ಒಂದ ಹೆಸರು, ಒಂದ ಪಾಸ್‌ವರ್ಡ್. ಚಾನೆಲ್ ಮಾತ್ರ ಬ್ಯಾರೆ ಬ್ಯಾರೆ ಇರಬೇಕು. 2.4 ರಾಗ 1, 6, 11 ಈ ಮೂರು ಒಂದರ ಮ್ಯಾಲೊಂದು ಬರಂಗಿಲ್ಲ, ಮುಂದಿಂದಕ್ಕ 1, ಹಿಂದಿಂದಕ್ಕ 11 ಇಟ್ರ ಆತು. ಅರ್ಧಾ ತಾಸಿನ ಕೆಲಸ.

ಆದ್ರ ಅವತ್ತು ಮೈದುನ ಚಹಾ ಕಪ್ ಕೆಳಗಿಟ್ಟು ಒಂದ ಪ್ರಶ್ನಿ ಕೇಳಿದಾ. ‘ಹಂಗ ಮಾಡಿದ್ರ ನಾವು ಏನ್ ನೋಡ್ತೇವಿ ಅಂತ ಅಣ್ಣಗ ಕಾಣಸ್ತದೇನ್ರಿ ವೈನಿ?’

ಸುಳ್ಳ ಹೇಳಲಿಕ್ಕೆ ಬರೂಹಂಗಿರಲಿಲ್ಲ. ಈಗ ನಮ್ಮ ರೌಟರಿಗೆ ಅವರ ಮನಿ ಅಂದ್ರ ಒಂದ ಹೆಸರು. ಕೂಡಿಸಿದ್ರ ಅವರ ಒಂದೊಂದ ಮೊಬೈಲು, ಟಿವಿ, ಲ್ಯಾಪ್‌ಟಾಪು ಬ್ಯಾರೆ ಬ್ಯಾರೆ ಸಾಲಿನಾಗ ಕಾಣಸ್ತಾವು. ಯಾವುದು ಈಗ ಚಾಲೂ ಅದ ಅನ್ನೋದೂ ಗೊತ್ತಾಗ್ತದ. ಮೆಸೇಜಿನಾಗ ಏನ್ ಬರದಾರ, ಬ್ಯಾಂಕಿನಾಗ ಎಷ್ಟದ ಅನ್ನೋದು ಕಾಣಂಗಿಲ್ಲ. ಕೆಲವು ರೌಟರಿನಾಗ ಯಾವ ಸೈಟಿಗೆ ಹೋಗಿದ್ರು ಅನ್ನೋ ಹೆಸರು ಸಿಗ್ತಾವು. ಬ್ಯಾಡ ಅಂದ ಮೊಬೈಲಿಗೆ ನೆಟ್ಟು ಬಂದ್ ಮಾಡ್ಲಿಕ್ಕೂ ಬರ್ತದ. ಇಷ್ಟೂ ಹೇಳಿದೆ. ನಮ್ಮನಿಯವರು ‘ನಾ ಯಾಕೋ ಅದೆಲ್ಲಾ ನೋಡ್ಲಿ?’ ಅಂದ್ರು. ಅವರು ನೋಡಂಗಿಲ್ಲ ಖರೆ, ರೌಟರಿನ ಪಾಸ್‌ವರ್ಡ್ ಹೋಗಲಿ ತಮ್ಮ ಮೇಲಿನ ಪಾಸ್‌ವರ್ಡೂ ಅವರಿಗೆ ನೆನಪಿರಂಗಿಲ್ಲ. ಆದ್ರೂ ಮೈದುನ ಕೇಳಿದ್ದು ಬರೋಬರ ಅಂತ ನನಗ ಅನಸ್ತು. ಹಿಸೆ ಬೇಕಂತ ಅಂವ ಹಟಾ ಹಿಡದಿದ್ದ ತನ್ನ ಬಾಗಲಾ ತಾ ಹಾಕ್ಕೋಬೇಕು ಅಂತ. ಅದನ್ನ ವೈಫೈ ಹೆಸರಲೆ ಕಸಗೊಳ್ಳೋದು ಸರಿ ಅಲ್ಲ.

ಕಡೀಕ ಆಗಿದ್ದು ಹಿಂಗ. ರೌಟರಿನ ಆಡಳಿತದ ಪಾಸ್‌ವರ್ಡ್ ಹೊಸಾದು ಇಟ್ಟು, ಅದರ ಅರ್ಧಾ ಮೈದುನ ಹಾಕಿದಾ, ಅರ್ಧಾ ನಮ್ಮನಿಯವರು. ಎರಡೂ ಚೀಟಿ ಅತ್ತಿಯವರ ಟ್ರಂಕಿನಾಗ, ರೇಷನ್ ಕಾರ್ಡಿನ ಬಾಜೂಕ ಅವ. ಏನರೆ ಬದಲ ಮಾಡಬೇಕಂದ್ರ ಇಬ್ಬರೂ ಬಂದು ಕೂಡಬೇಕು. ಇದಕ್ಕೂ ಮೊದಲ ಅತ್ತಿ ಟ್ರಂಕಿನ ಕೀಲಿ ಕೊಡಬೇಕು. ಅವರು ಅದನ್ನ ಸುಮ್ನ ಕೊಡಂಗಿಲ್ಲ, ಇಬ್ಬರಿಗೂ ಉಪ್ಪಿಟ್ಟು ತಿನಸ್ತಾರ.

ಕಾಲು ಈಗ ಕಟ್ಟಾಗಂಗಿಲ್ಲ. ಹೊಸ್ತಲದಾಗ ಒಂದ ಕ್ಷಣ ಚಿತ್ರ ನಿಂತಂಗ ಆಗ್ತದ, ಅಷ್ಟ. ಯಾಕಂದ್ರ ಯಾವ ರೌಟರನ್ನ ಹಿಡೀಬೇಕು ಅನ್ನೋದನ್ನ ರೌಟರು ಅಲ್ಲ, ಫೋನು ತೀರ್ಮಾನ ಮಾಡ್ತದ. ಅತ್ತಿ ಫೋನು ಮೊದಲ ಅವರ ಹಂಗ ಹಟಮಾರಿ ಇತ್ತು, ಹಿತ್ತಲಕ್ಕ ಹೋದ್ರೂ ಪಡಸಾಲಿದನ್ನ ಹಿಡಕೊಂಡ ಕೂಡ್ತಿತ್ತು. ಮುಂದಿನ ರೌಟರಿನ ಪವರ್ ಒಂದ ಮೆಟ್ಟಲಾ ಕಡಿಮಿ ಮಾಡಿದೆ, ಆಮ್ಯಾಲೆ ಬಿಡ್ಲಿಕ್ಕೆ ಕಲೀತು. ನಾದನಿ ಮರುದಿನಾ ತುಳಸಿ ನೋಡಿದ್ಲು. ಆಕಿ ಕೇಳಿದ ಆ ಮಾತಿನ ಬಗ್ಗೆ ಆಕೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಮೈದುನ ನಡುಮನಿ ಆಚೆ ಇಟ್ಟಂಗಿ ಗ್ವಾಡಿ ಎಬ್ಬಸ್ಲಿಕ್ಕೆ ಹೊಂಟಾನ, ಮಗಳ ಅಭ್ಯಾಸಕ್ಕ ಖೋಲಿ ಬೇಕಂತ. ಗ್ವಾಡ್ಯಾಗ ಒಂದ ಇಂಚಿನ ಪೈಪ ಬಿಡು ಅಂತ ಗೌಂಡಿಗೆ ಈಗ ಹೇಳಿ ಇಟ್ಟೇವಿ. ಅದರಾಗ ಎರಡ ಕೇಬಲ್ ಎಳೀಬೇಕು, ಒಂದ ಇಲಿ ಕಡದ್ರ ಇನ್ನೊಂದ ಇರ್ಲಿ ಅಂತ. ಅಂಗಡ್ಯಾಗ ತಾಮ್ರದ ಬಣ್ಣದ ಅಲ್ಯೂಮಿನಿಯಂ ಕೇಬಲ್ ಸಸ್ತಾ ಅಂತ ಕೊಡ್ತಾರ, ಅದು ಬ್ಯಾಡ, ಪೂರಾ ತಾಮ್ರದ್ದ ಕ್ಯಾಟ್ 6 ತಗೊಂಡ ಬಾ ಅಂತ ಮೈದುನಗ ಹೇಳೀನಿ. ಎರಡೂ ಕೇಬಲ್ಲು ಒಮ್ಮೆಲೆ ಎರಡೂ ಡಬ್ಬಿಗೆ ಚುಚ್ಚಬ್ಯಾಡಂತನೂ ಹೇಳೀನಿ. ಹಂಗ ಚುಚ್ಚಿದ್ರ ಸುತ್ತ ತಿರಗಿ ತಿರಗಿ ಇಡೀ ನೆಟ್ಟ ನಿಂತ ಬಿಡ್ತದ. ಎರಡನೇದು ತುದಿ ಸುತ್ತಿ ಪೈಪಿನಾಗ ಇರ್ಲಿ.